ಹಾಡಿದವಳು ಒಬ್ಬಳು, ಲೆಕ್ಕ ಇಡೀ ಸಮುದಾಯದ್ದು

ಬಿಗ್‌ಬಾಸ್ ಹೊಸ ಸೀಸನ್ ಶುರುವಾಗುವ ದಿನ ನಮ್ಮ ಬ್ಯಾರಿ ಮನೆಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಎಂತ ಗೊತ್ತುಂಟಾ? "ಈ ಸಲ ನಮ್ಮವರು ಯಾರಾದ್ರೂ ಉಂಟಾ?" ಉಡುಪಿಯಲ್ಲಿ ಕೇಳಿ, ಕಾಪುವಿನಲ್ಲಿ ಕೇಳಿ, ಕಾರ್ಕಳದಲ್ಲಿ ಕೇಳಿ, ಇದೇ. ಟಿ.ವಿ. ಬೇಡ ಎಂದು ತೀರ್ಮಾನಿಸಿದ ಮನೆಗಳಲ್ಲೂ ಈ ಪ್ರಶ್ನೆ ಬರುತ್ತದೆ. ಟಿ.ವಿ. ಇಲ್ಲದಿದ್ದರೇನು, ಮೊಬೈಲ್ ಉಂಟಲ್ಲ. ಒಬ್ಬ ಮುಸ್ಲಿಮ್ ಹೆಸರಿನವ ಒಳಗೆ ಹೋದನೆಂದರೆ ಮೊದಲು ಒಂದು ಖುಷಿ, ಅದರ ಬೆನ್ನಿಗೇ ಒಂದು ಹೆದರಿಕೆ. ಇವ ಅಲ್ಲಿ ಎಂತಾದರೂ ಹೆಚ್ಚುಕಮ್ಮಿ ಮಾಡಿ ನಮ್ಮೆಲ್ಲರ ಮಾನ ತೆಗೆಯದಿದ್ದರೆ ಸಾಕು ಮಾರಾಯ್ರೆ ಅಂತ.

ಈ ಹೆದರಿಕೆ ನಮ್ಮ ಪಕ್ಕದ ಮನೆಯ ಶೆಟ್ರಿಗೆ ಇಲ್ಲ. ಕನ್ನಡ ಬಿಗ್‌ಬಾಸ್ 7ನೇ ಸೀಸನ್ನನ್ನು 2020ರಲ್ಲಿ ಶೈನ್ ಶೆಟ್ಟಿ ಗೆದ್ದರು. 9ನೇ ಸೀಸನ್ನನ್ನು 2022ರ ಕೊನೆಯ ದಿನ ತುಳು ಸಿನೆಮಾ ನಟ ರೂಪೇಶ್ ಶೆಟ್ಟಿ ಗೆದ್ದರು. ಕರಾವಳಿಯವರೆಲ್ಲ ಖುಷಿಪಟ್ಟರು, ನಾವೂ ಪಟ್ಟೆವು. ಒಂದು ವೇಳೆ ಅವರು ಮೊದಲ ವಾರವೇ ಜಗಳಾಡಿ ಹೊರಗೆ ಬಂದಿದ್ದರೆ ಬಂಟರ ಸಂಘದವರು ಸಭೆ ಕರೆಯುತ್ತಿದ್ದರಾ? ಇಲ್ಲ. ಆ ಹುಡುಗ ಸೋತ ಅಂತ ಆಗುತ್ತಿತ್ತು, ಅಷ್ಟೇ. ಜನ ಹೆಚ್ಚಿರುವ ಸಮುದಾಯದ ಮಕ್ಕಳಿಗೆ ಸೋಲುವ ಸ್ವಾತಂತ್ರ್ಯ ಉಂಟು. ಒಬ್ಬನೇ ಒಬ್ಬ ಹೋಗುವ ಸಮುದಾಯದವನಿಗೆ ಅದು ಸಿಗುವುದಿಲ್ಲ. ಅವನನ್ನು ನಾವು ಯಾರೂ ಓಟು ಹಾಕಿ ಕಳಿಸಿದ್ದಲ್ಲ, ಆದರೂ ಅವ ನಮ್ಮ ಪ್ರತಿನಿಧಿ ಆಗಿಬಿಡುತ್ತಾನೆ.

ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. ಅಮೆರಿಕದಲ್ಲಿ 'ಸರ್ವೈವರ್' ಎಂಬ ಸ್ಪರ್ಧೆ ಉಂಟು. ದ್ವೀಪವೊಂದರಲ್ಲಿ ಜನರನ್ನು ಬಿಟ್ಟು ಗುಂಪು ಮಾಡಿ ಆಡಿಸುವುದು. 2006ರ ಸೆಪ್ಟೆಂಬರ್‌ನಲ್ಲಿ ಸಿಬಿಎಸ್ ಚಾನೆಲ್‌ನವರು ಕುಕ್ ದ್ವೀಪಗಳಲ್ಲಿ ನಡೆಸಿದ ಸೀಸನ್‌ನಲ್ಲಿ 20 ಜನರನ್ನು ಬಣ್ಣ, ಮೂಲ ನೋಡಿ ನಾಲ್ಕು ಗುಂಪು ಮಾಡಿದರು. ಬಿಳಿಯರು 5, ಕರಿಯರು 5, ಏಷ್ಯಾ ಮೂಲದವರು 5, ಲ್ಯಾಟಿನ್ ಮೂಲದವರು 5. ನ್ಯೂಯಾರ್ಕ್ ನಗರಸಭೆಯ ಸದಸ್ಯರೇ ಬೀದಿಗಿಳಿದು ಪ್ರತಿಭಟಿಸಿದರು. ಚಾನೆಲ್‌ನವರು ಕೊಟ್ಟ ಸಮಜಾಯಿಷಿ ಕೇಳಿದರೆ ನಗು ಬರುತ್ತದೆ: ನಮ್ಮಲ್ಲಿ ಬಿಳಿಯರೇ ಹೆಚ್ಚು ಎಂಬ ದೂರಿತ್ತು, ಅದಕ್ಕೆ ಎಲ್ಲರನ್ನೂ ಸೇರಿಸಿದೆವು ಅಂತ. ಸೇರಿಸಿದ್ದು ಸರಿ, ಬೇಲಿ ಹಾಕಿ ಸೇರಿಸಿದರಲ್ಲ! ಎರಡು ಕಂತು ಮುಗಿದ ಮೇಲೆ ಆ ಗುಂಪುಗಳನ್ನು ಒಡೆದು ಬೆರೆಸಿದರು. ಕೊನೆಗೆ ಗೆದ್ದದ್ದು ಯುಲ್ ಕ್ವಾನ್ ಎಂಬ ಕೊರಿಯಾ ಮೂಲದ ವಕೀಲ. ಚಿಕ್ಕವನಿದ್ದಾಗ ಟಿ.ವಿ.ಯಲ್ಲಿ ತನ್ನಂಥ ಮುಖವೇ ಕಾಣುತ್ತಿರಲಿಲ್ಲ, ಅದಕ್ಕಾಗಿಯೇ ಬಂದೆ ಎಂಬ ಅರ್ಥದಲ್ಲಿ ಆತ ಮಾತಾಡಿದ್ದ. ಆ ಮಾತು ನಮಗೆ ಅರ್ಥವಾಗುತ್ತದೆ. ಅದೇ ಚಾನೆಲ್ 2020ರ ನವೆಂಬರ್‌ನಲ್ಲಿ, ಇನ್ನು ಮುಂದೆ ಇಂಥ ಕಾರ್ಯಕ್ರಮಗಳ ಸ್ಪರ್ಧಿಗಳಲ್ಲಿ ಅರ್ಧದಷ್ಟಾದರೂ ಬಿಳಿಯರಲ್ಲದವರು ಇರುತ್ತಾರೆ ಎಂದು ನಿಯಮ ಮಾಡಿತು. ನಡುವೆ ಹೋದದ್ದು 14 ವರ್ಷ.

ನಮಗೆ ಇನ್ನೂ ಹತ್ತಿರದ ಕತೆ ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿಯದ್ದು. 2007ರ ಜನವರಿಯಲ್ಲಿ ಬ್ರಿಟನ್ನಿನ 'ಸೆಲೆಬ್ರಿಟಿ ಬಿಗ್ ಬ್ರದರ್' ಮನೆಯಲ್ಲಿ ಆಕೆ ಒಬ್ಬಳೇ ಭಾರತೀಯಳು. ಆಕೆಯ ಮಾತಿನ ಧಾಟಿ, ಅಡುಗೆ, ಕೈಯಲ್ಲಿ ಮುಟ್ಟಿದ ಊಟ, ಕೊನೆಗೆ ಹೆಸರನ್ನೂ ಹಿಡಿದು ಹೀಯಾಳಿಸಿದರು. ಹಪ್ಪಳ ಅಂತಲೂ ಕರೆದರು. ಮುಂದೆ ನಿಂತವಳು ಜೇಡ್ ಗೂಡಿ. ಅಲ್ಲಿಯ ಪ್ರಸಾರ ನಿಯಂತ್ರಣ ಸಂಸ್ಥೆಗೆ ಬಂದ ದೂರುಗಳು 40 ಸಾವಿರಕ್ಕೂ ಹೆಚ್ಚು. ಆಗ ಬ್ರಿಟನ್ನಿನ ಹಣಕಾಸು ಸಚಿವರಾಗಿದ್ದ ಗಾರ್ಡನ್ ಬ್ರೌನ್ ಭಾರತಕ್ಕೆ ಬಂದಿದ್ದರು, ಅವರು ಇಲ್ಲಿ ನಿಂತು ಉತ್ತರ ಕೊಡಬೇಕಾಯಿತು. ಪ್ರಾಯೋಜಕ ಕಂಪೆನಿ ಕೈಬಿಟ್ಟಿತು. ಜನವರಿ 28ರಂದು ಶೇ. 63 ಓಟು ಪಡೆದು ಶಿಲ್ಪಾ ಗೆದ್ದರು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಗೆಲುವಲ್ಲ. ದೂರು ಕೊಟ್ಟ ಆ ಸಾವಿರಾರು ಜನರಲ್ಲಿ ಬಹಳಷ್ಟು ಮಂದಿ ಬ್ರಿಟನ್ನಿನ ಸಾಮಾನ್ಯ ವೀಕ್ಷಕರು. ನಮ್ಮವರ ಬಾಯಿಂದಲೇ ಈ ಮಾತು ಬಂತಲ್ಲ ಎಂದು ಅವರಿಗೆ ನಾಚಿಕೆಯಾಯಿತು, ಪೆನ್ನು ಹಿಡಿದು ಕೂತರು. ಮತ್ತೊಂದು ವಿಷಯ. ಜೇಡ್ ಗೂಡಿಯ ಅಪ್ಪ ಸ್ವತಃ ಮಿಶ್ರ ವರ್ಣದವ, ಆತನ ಮೂಲ ಕೆರಿಬಿಯನ್ ದ್ವೀಪಗಳಲ್ಲಿ. ಅವಮಾನ ಅಂದರೆ ಎಂತ ಎಂದು ಗೊತ್ತಿರುವ ಮನೆಯಿಂದ ಬಂದವಳೂ ಇನ್ನೊಬ್ಬಳನ್ನು ಅವಮಾನಿಸಬಲ್ಲಳು. ಮರುವರ್ಷ ಶಿಲ್ಪಾ ನಿರೂಪಿಸುತ್ತಿದ್ದ ಹಿಂದಿ ಬಿಗ್‌ಬಾಸ್‌ಗೆ ಅದೇ ಜೇಡ್ ಬಂದಳು. ಒಳಗಿರುವಾಗಲೇ ಕ್ಯಾನ್ಸರ್ ಎಂಬ ಸುದ್ದಿ ತಿಳಿದು ಮರಳಿ ಹೋದಳು, 2009ರ ಮಾರ್ಚ್‌ನಲ್ಲಿ ತೀರಿಕೊಂಡಳು.

ಈಗ ನಮ್ಮದೇ ಹೆಸರಿನಲ್ಲಿ ನಡೆದ ಸಂಗತಿಗೆ ಬರುತ್ತೇನೆ. ಬ್ರಿಟನ್ನಿನವರಿಗೆ ಆದ ಆ ನಾಚಿಕೆ 2017ರಲ್ಲಿ ನಮಗೆಷ್ಟು ಆಯಿತು ಎಂದು ಕೇಳಬೇಕಾಗಿದೆ.

ಆ ವರ್ಷದ ಮಾರ್ಚ್ ಮೊದಲ ವಾರ. ಜೀ ಕನ್ನಡದ 'ಸರಿಗಮಪ' ವೇದಿಕೆಗೆ ಶಿವಮೊಗ್ಗ ಜಿಲ್ಲೆಯ ಸುಹಾನಾ ಸೈಯದ್ ಎಂಬ ಯುವತಿ ಹಿಜಾಬ್ ಧರಿಸಿ ಬಂದಳು. ಹಾಡಿದ್ದು 'ಗಜ' ಸಿನೆಮಾದ್ದು, ಶ್ರೀನಿವಾಸ ದೇವರ ಮೇಲಿನ ಒಂದು ಹಾಡು. ತೀರ್ಪುಗಾರರಾಗಿದ್ದ ರಾಜೇಶ್ ಕೃಷ್ಣನ್, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ ಮೆಚ್ಚಿದರು. ಕಂಠದ ಜೊತೆಗೆ ಸೌಹಾರ್ದವನ್ನೂ ಹೊಗಳಿದರು. ಅಲ್ಲಿಯವರೆಗೆ ಒಂದು ಟಿ.ವಿ. ಕಾರ್ಯಕ್ರಮ. ಮರುದಿನದಿಂದ ಫೇಸ್‌ಬುಕ್ಕಿನಲ್ಲಿ ಬೈಗುಳ ಶುರು. ಬೈದ ಪುಟದ ಹೆಸರು 'ಮಂಗಳೂರು ಮುಸ್ಲಿಮ್ಸ್'. ಪರಪುರುಷರ ಮುಂದೆ ಹಾಡಿ ಸಮುದಾಯದ ಹೆಸರು ಕೆಡಿಸಿದೆ, ನಿನ್ನ ತಂದೆ ತಾಯಿಗೆ ಸ್ವರ್ಗ ಇಲ್ಲ, ಪರ್ದಾ ಹಾಕುವ ಯೋಗ್ಯತೆ ನಿನಗಿಲ್ಲ ಎಂಬ ಧಾಟಿ. ದಿಲ್ಲಿಯ ಚಾನೆಲ್‌ಗಳಿಗೆ ಇದಕ್ಕಿಂತ ಒಳ್ಳೆಯ ಸರಕು ಬೇಕಾ? ಎರಡು ದಿನದಲ್ಲಿ ಸುದ್ದಿ ದೇಶ ತುಂಬಿತು. ಮಂಗಳೂರಿನ ಮುಸಲ್ಮಾನರು ಅಂದರೆ ಬಹುಪಾಲು ಯಾರು? ಬ್ಯಾರಿಗಳು. ಪುಟ ನಡೆಸುವವರು ಯಾರು, ಎಷ್ಟು ಜನ, ಯಾವ ಜಮಾಅತ್ ಅವರಿಗೆ ಅಧಿಕಾರ ಕೊಟ್ಟದ್ದು ಎಂದು ಯಾರೂ ಕೇಳಲಿಲ್ಲ. ನಮ್ಮ ಉಮ್ಮಂದಿರ, ಉಪ್ಪಂದಿರ ಪರವಾಗಿ ಅವರೇ ಮಾತಾಡಿಬಿಟ್ಟರು.

ನಾನು ಮದ್ರಸದಲ್ಲಿ ಪಾಠ ಹೇಳುವವ. ಸಂಗೀತದ ಬಗ್ಗೆ, ವಾದ್ಯದ ಬಗ್ಗೆ, ಹೆಣ್ಣುಮಕ್ಕಳು ಸಾರ್ವಜನಿಕವಾಗಿ ಹಾಡುವುದರ ಬಗ್ಗೆ ನಮ್ಮ ಶಾಫಿಈ ಫಿಕ್‌ಹ್ ಗ್ರಂಥಗಳಲ್ಲಿ ಎಂತ ಉಂಟು ಎಂಬುದನ್ನು ತರಗತಿಯಲ್ಲಿ ಹೇಳುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಬೇರೆ ದೇವರ ಸ್ತುತಿಯನ್ನು ನಮ್ಮ ಮಕ್ಕಳು ಹಾಡುವುದು ನನಗೆ ಒಪ್ಪಿಗೆಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ. ಆದರೆ ಅದೇ ತರಗತಿಯಲ್ಲಿ ಸೂರಃ ಅಲ್ ಹುಜುರಾತ್ ಕೂಡ ಪಾಠ ಮಾಡುತ್ತೇವೆ. ಅದರ 11 ಮತ್ತು 12ನೇ ಆಯತ್‌ಗಳ ವಿಷಯ ಗೇಲಿ ಮಾಡುವುದು, ಅಡ್ಡಹೆಸರಿಡುವುದು, ಗುಮಾನಿ, ಗುಟ್ಟು ಹುಡುಕುವುದು, ಗೀಬತ್. ಗೇಲಿಯ ಮಾತು ಬರುವಲ್ಲಿ ಹೆಂಗಸರನ್ನು ಪ್ರತ್ಯೇಕವಾಗಿ ಹೆಸರಿಸಲಾಗಿದೆ ಎಂದು ಆರನೇ ತರಗತಿಯ ಮಕ್ಕಳಿಗೂ ಗೊತ್ತುಂಟು. ಯಾರದೋ ಅಪ್ಪ ಅಮ್ಮನಿಗೆ ಸ್ವರ್ಗ ಇಲ್ಲ ಎಂದು ಮೊಬೈಲಿನಲ್ಲಿ ಟೈಪ್ ಮಾಡುವುದು ಯಾವ ಫಿಕ್‌ಹ್‌ನಲ್ಲಿ ಉಂಟು? ಆ ತೀರ್ಪು ಕೊಡುವ ಹಕ್ಕು ನಬಿಗಳಿಗಲ್ಲದೆ ಯಾವ ಮನುಷ್ಯನಿಗೂ ಸಿಕ್ಕಿದ್ದಿಲ್ಲ, ನಬಿಗಳಿಗೂ ವಹೀ ಬಂದ ಮೇಲೆ. ಇನ್ನು ನಸೀಹತ್ ಕೊಡಬೇಕೆಂದು ಅಷ್ಟು ಇದ್ದಿದ್ದರೆ ಶಿವಮೊಗ್ಗಕ್ಕೆ ಬಸ್ಸು ಉಂಟು. ಆಗುಂಬೆ ಘಾಟಿ ಹತ್ತಿ ಹೋಗಿ ಮನೆಯವರ ಹತ್ತಿರ ಕೂತು, ಚಹಾ ಕುಡಿದು ಹೇಳಬಹುದಿತ್ತು. ಜನರ ಮುಂದೆ ಕೊಡುವ ನಸೀಹತ್ ನಸೀಹತ್ತೇ ಅಲ್ಲ ಎಂದು ನಮ್ಮ ಉಸ್ತಾದರು ನಮಗೆ ಕಲಿಸಿದ್ದು.

ಅದೇ ತಿಂಗಳು ಅಸ್ಸಾಮಿನಲ್ಲಿಯೂ ಒಂದು ಗಲಾಟೆ ಆಯಿತು. 2015ರ ಇಂಡಿಯನ್ ಐಡಲ್ ಜೂನಿಯರ್‌ನಲ್ಲಿ ಎರಡನೇ ಸ್ಥಾನ ಪಡೆದ ನಾಹಿದ್ ಆಫ್ರಿನ್ ಎಂಬ ಹುಡುಗಿ ಹಾಡಬೇಕಿದ್ದ ಕಾರ್ಯಕ್ರಮದ ವಿರುದ್ಧ 46 ಹೆಸರುಗಳಿದ್ದ ಕರಪತ್ರ ಹಂಚಿದರು. ಮಸೀದಿ, ಮದ್ರಸ, ಈದ್ಗಾಗಳ ಹತ್ತಿರ ಸಂಗೀತ ರಾತ್ರಿ ಬೇಡ ಎಂಬುದು ಅದರ ಸಾರ. ಟಿ.ವಿ.ಯವರು ಅದನ್ನು '46 ಫತ್ವಾ' ಎಂದು ಕೂಗಿದರು. ಫತ್ವಾ ಎಂದರೆ ಕೇಳಿದ ಪ್ರಶ್ನೆಗೆ ಮುಫ್ತಿ ಕೊಡುವ ಉತ್ತರ. ಕರಪತ್ರ ಫತ್ವಾ ಆಗುವುದಿಲ್ಲ. ಇದನ್ನು ನಾವು ಹತ್ತು ಸಲ ಹೇಳುತ್ತೇವೆ, ಹೇಳಬೇಕಾದದ್ದೇ. ಚಾನೆಲ್‌ಗಳ ಸುಳ್ಳನ್ನು ಬಯಲು ಮಾಡುವುದರಲ್ಲಿ ನಾವು ಚುರುಕು. ಆದರೆ ಕರಪತ್ರ ಓದಿದ ಆ ಹುಡುಗಿಗೆ, ಫೇಸ್‌ಬುಕ್ ಓದಿದ ಸುಹಾನಾಳಿಗೆ, ಅದು ಫತ್ವಾ ಆದರೇನು ಬೈಗುಳ ಆದರೇನು, ನಿದ್ದೆ ಹೋಗುವುದು ಒಂದೇ ಥರ.

ಇನ್ನೊಂದು ಬದಿಯನ್ನೂ ಹೇಳಬೇಕು. ಬೈದವರು ಸುಹಾನಾಳನ್ನು ಸಮುದಾಯದ ಆಸ್ತಿ ಮಾಡಿದರು, ಸರಿ. ಹೊಗಳಿದವರು? ಅವರೂ ಬಿಡಲಿಲ್ಲ. ಆಕೆ ಒಗ್ಗಟ್ಟಿನ ಸಂಕೇತ, ಸೌಹಾರ್ದದ ರಾಯಭಾರಿ ಆದಳು. ಶ್ರುತಿ ಎಲ್ಲಿ ತಪ್ಪಿತು, ತಾಳ ಎಲ್ಲಿ ಓಡಿತು, ಯಾವ ಸ್ವರ ಚೆನ್ನಾಗಿ ಬಂತು ಎಂಬ ಮಾತು ಉಳಿದ ಸ್ಪರ್ಧಿಗಳಿಗೆ ಸಿಕ್ಕಿದ ಹಾಗೆ ಆಕೆಗೆ ಸಿಗಲಿಲ್ಲ. ಕೇರಳದ ಚಾನೆಲ್‌ಗಳನ್ನು ನಮ್ಮ ಮನೆಗಳಲ್ಲಿ ನೋಡುತ್ತಾರಲ್ಲ, ಕೈರಳಿಯ 'ಪಟ್ಟುರುಮಾಲ್' ನೆನಪುಂಟಾ? ಪೂರ್ತಿ ಮಾಪ್ಪಿಳಪ್ಪಾಟ್ಟಿನ ಸ್ಪರ್ಧೆ. ಅಲ್ಲಿ ಮುಸ್ಲಿಮರಲ್ಲದವರೂ ಮಾಪ್ಪಿಳಪ್ಪಾಟ್ಟು ಹಾಡುತ್ತಿದ್ದರು, ತೀರ್ಪುಗಾರರು ಉಚ್ಚಾರ ನೋಡಿ, ರಾಗ ನೋಡಿ ಅಂಕ ಕೊಡುತ್ತಿದ್ದರು. ಇಶಲ್ ತಪ್ಪಿದರೆ ತಪ್ಪಿತು ಎನ್ನುತ್ತಿದ್ದರು. ಅದು ಗೌರವ. ನಮ್ಮಲ್ಲಿ ಸುಹಾನಾಳಿಗೆ ಸಿಕ್ಕಿದ ಚಪ್ಪಾಳೆಯಲ್ಲಿ ಎಷ್ಟು ಹಾಡಿಗೆ, ಎಷ್ಟು ಹಿಜಾಬಿಗೆ ಎಂದು ಬೇರೆ ಮಾಡುವುದು ಕಷ್ಟ.

ಆ ಚಪ್ಪಾಳೆಯ ಬೆಲೆ ಎಷ್ಟು ಎಂಬುದು ಐದು ವರ್ಷದಲ್ಲಿ ಗೊತ್ತಾಯಿತು, ಅದೂ ನಮ್ಮ ಉಡುಪಿಯಲ್ಲೇ. 2021ರ ಡಿಸೆಂಬರ್ ಕೊನೆಗೆ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಆರು ಹುಡುಗಿಯರ ಶಿರವಸ್ತ್ರ ಸುದ್ದಿಯಾಯಿತು. 2022ರ ಫೆಬ್ರವರಿಯಲ್ಲಿ ಕುಂದಾಪುರದಲ್ಲಿ ಗೇಟು ಹಾಕಿದ್ದು, ಮಾರ್ಚ್ 15ರಂದು ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಎಲ್ಲ ನಿಮಗೆ ಗೊತ್ತಿದ್ದದ್ದೇ. ನನಗೆ ಮರೆಯಲಿಕ್ಕಾಗದ್ದು ಕ್ಯಾಮೆರಾಗಳು. ಪುಸ್ತಕದ ಚೀಲ ಹಾಕಿಕೊಂಡ ಮಕ್ಕಳ ಹಿಂದೆ ಮೈಕ್ ಹಿಡಿದು ಓಡಿದವರು. ಮನರಂಜನೆಯ ಚಾನೆಲ್‌ನಲ್ಲಿ ದೇವರನಾಮ ಹಾಡುವಾಗ ತಲೆಯ ಮೇಲಿದ್ದ ಬಟ್ಟೆ ಸೌಹಾರ್ದ, ಲೆಕ್ಕ ಬರೆಯುವಾಗ ಅದೇ ಬಟ್ಟೆ ಸಮಸ್ಯೆ. ಬಟ್ಟೆ ಒಂದೇ ಅಲ್ಲವಾ?

ಗುರುತು ಕಾಣದಿದ್ದರೆ ಕತೆಯೇ ಬೇರೆ. ರಾಜು ತಾಳಿಕೋಟೆಯವರನ್ನು ನೀವು ಸಿನೆಮಾಗಳಲ್ಲಿ ನೋಡಿರುತ್ತೀರಿ, 'ಕಲಿಯುಗದ ಕುಡುಕ' ನಾಟಕದ ಕ್ಯಾಸೆಟ್ ಕೇಳಿದವರೂ ಉಂಟು. ಬಿಗ್‌ಬಾಸ್ 7ನೇ ಸೀಸನ್‌ನಲ್ಲಿ ಶೈನ್ ಶೆಟ್ಟಿಯ ಜೊತೆ ಮನೆಯೊಳಗೆ ಇದ್ದವರು. ಅವರ ನಿಜ ಹೆಸರು ರಾಜೇಸಾಬ್. ವಿಜಯಪುರ ಜಿಲ್ಲೆಯ ಮುಸ್ಲಿಮ್ ಕುಟುಂಬದವರು, ವೃತ್ತಿ ನಾಟಕ ಕಂಪೆನಿ ನಡೆಸಿದವರು, ಕೊನೆಗೆ ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದವರು. 2025ರ ಅಕ್ಟೋಬರ್ 13ರಂದು ತೀರಿಕೊಂಡದ್ದು ನಮ್ಮ ಮಣಿಪಾಲದ ಆಸ್ಪತ್ರೆಯಲ್ಲಿ. ಸಿನೆಮಾ ಚಿತ್ರೀಕರಣಕ್ಕೆಂದು ಈ ಕಡೆ ಬಂದಿದ್ದರು. ಅವರು ಮುಸ್ಲಿಮರು ಎಂಬುದು ಆ ದಿನ ಪತ್ರಿಕೆ ಓದಿದ ಮೇಲೆಯೇ ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿದದ್ದು. ಬಿಗ್‌ಬಾಸ್ ಮನೆಯಲ್ಲಿ ಅವರನ್ನು ಯಾರೂ ಸೌಹಾರ್ದದ ಸಂಕೇತ ಎನ್ನಲಿಲ್ಲ, ಯಾವ ಪುಟವೂ ಅವರಿಗೆ ಸ್ವರ್ಗ ನಿರಾಕರಿಸಲಿಲ್ಲ. ಅವರು ಉತ್ತರ ಕರ್ನಾಟಕದ ಒಬ್ಬ ಹಾಸ್ಯಗಾರ. ನಗಿಸಿದಾಗ ಜನ ನಕ್ಕರು, ಸಾಕೆನಿಸಿದಾಗ ಹೊರಗೆ ಕಳಿಸಿದರು. ಗಂಡಸಾದ್ದರಿಂದ, ತಲೆಯ ಮೇಲೆ ಗುರುತು ಇಲ್ಲದ್ದರಿಂದ ಸಿಕ್ಕಿದ ಸವಲತ್ತು ಇದು. ಸಮುದಾಯದ ಮಾನದ ಮೂಟೆಯನ್ನು ನಾವು ಯಾವಾಗಲೂ ಹೆಣ್ಣುಮಕ್ಕಳ ತಲೆಯ ಮೇಲೆಯೇ ಇಡುವುದು.

ಹಿಜಾಬ್ ಹಾಕಿಯೂ ಕಸುಬಿನ ಮೇಲೆಯೇ ಅಂಕ ಪಡೆದವಳು ಒಬ್ಬಳು ನೆನಪಾಗುತ್ತಾಳೆ. ಬ್ರಿಟನ್ನಿನ ನಾದಿಯಾ ಹುಸೇನ್, ಬಾಂಗ್ಲಾ ಮೂಲದ ಕುಟುಂಬ, ಮೂರು ಮಕ್ಕಳ ತಾಯಿ. 2015ರ ಅಕ್ಟೋಬರ್‌ನಲ್ಲಿ ಅಲ್ಲಿಯ ಬಹಳ ಜನಪ್ರಿಯ ಕೇಕ್ ಸ್ಪರ್ಧೆ ಗೆದ್ದಳು. ಕೊನೆಯ ದಿನ ಮಾಡಿದ್ದು ಲಿಂಬೆ ಹಾಕಿದ ಮದುವೆ ಕೇಕು. ಅಲಂಕಾರಕ್ಕೆ ತನ್ನದೇ ಮದುವೆಯ ಒಡವೆ ಮತ್ತು ಸೀರೆ ಬಟ್ಟೆಯ ಪಟ್ಟಿ ಕಟ್ಟಿದ್ದಳು. ತೀರ್ಪುಗಾರರು ಕೇಕು ಕತ್ತರಿಸಿ ತಿಂದು ತೀರ್ಮಾನ ಹೇಳಿದರು. ಆದರೂ ಅಲ್ಲಿಯ ಒಂದು ದೊಡ್ಡ ಪತ್ರಿಕೆಯ ಅಂಕಣಗಾರ್ತಿ, ಸೋತ ಬಿಳಿಯ ಹುಡುಗಿ ಚಾಕಲೇಟಿನ ಮಸೀದಿ ಮಾಡಿದ್ದರೆ ಗೆಲ್ಲುತ್ತಿದ್ದಳೇನೋ ಎಂದು ಕುಟುಕಿದಳು. ಮರುವರ್ಷ ರಾಣಿಯ 90ನೇ ಹುಟ್ಟುಹಬ್ಬದ ಕೇಕು ಮಾಡಿದ್ದು ನಾದಿಯಾಳೇ. ಹತ್ತು ವರ್ಷ ಟಿ.ವಿ.ಯಲ್ಲಿ ಅಡುಗೆ ಕಲಿಸಿದಳು. 2025ರಲ್ಲಿ ಬಿಬಿಸಿ ಆಕೆಯ ಕಾರ್ಯಕ್ರಮವನ್ನು ಮುಂದುವರಿಸಲಿಲ್ಲ. ಟಿ.ವಿ. ಅಷ್ಟೇ, ಯಾರಿಗೂ ಶಾಶ್ವತ ಅಲ್ಲ.

ವೇದಿಕೆ ಎಂದರೆ ಎಂತ ಎಂದು ತಿಳಿಯಲು ನಾವು ಬೆಂಗಳೂರಿಗೆ ಹೋಗಬೇಕಾಗಿಯೂ ಇಲ್ಲ. ರಬೀಉಲ್ ಅವ್ವಲ್ ಬಂದರೆ ನಮ್ಮ ಮದ್ರಸಗಳ ಅಂಗಳದಲ್ಲಿಯೂ ಅದೇ ಇರುತ್ತದೆ: ಮೈಕು, ತೀರ್ಪುಗಾರರು, ಅಂಕ, ಟ್ರೋಫಿ, ಕೊನೆಗೆ ಅಂಕದ ಮೇಲೆ ಜಗಳ. ಮುಸಾಬಖ, ಸಾಹಿತ್ಯೋತ್ಸವ ಎಂದು ಊರಿನಿಂದ ರಾಜ್ಯದವರೆಗೆ ಹೋಗುವ ಹುಡುಗರಿದ್ದಾರೆ. ನಮ್ಮ ಭಾಷೆ, ನಮ್ಮ ದಫ್, ನಮ್ಮ ಹಾಡು ಉಳಿದಿರುವುದರಲ್ಲಿ ಈ ಅಂಗಳಗಳ ಪಾಲು ದೊಡ್ಡದು. ಹೆಣ್ಣುಮಕ್ಕಳು? ಎಂಟು ಹತ್ತು ವರ್ಷದವರೆಗೆ ವೇದಿಕೆ, ಆಮೇಲೆ ಕೆಳಗೆ ಕೂತು ಕೇಳುವುದು. ಹೆಂಗಸರೇ ತೀರ್ಪುಗಾರರು, ಹೆಂಗಸರೇ ಪ್ರೇಕ್ಷಕರು ಆಗಿರುವ ಪ್ರತ್ಯೇಕ ಸ್ಪರ್ಧೆಗಳನ್ನು ಕೆಲವು ಕಡೆ ಮಾಡುತ್ತಾರೆ, ಮಾಡಿದರೆ ಷರೀಅತ್‌ಗೆ ಯಾವ ತೊಂದರೆಯೂ ಇಲ್ಲ. ಎಲ್ಲ ಜಮಾಅತ್‌ನವರು ಯಾಕೆ ಮಾಡುವುದಿಲ್ಲ ಎಂದು ಕೇಳಿದರೆ ಖರ್ಚು, ಹಾಲ್, ಜನ ಇಲ್ಲ ಎಂಬ ಉತ್ತರ. ಹುಡುಗರ ಶಾಮಿಯಾನಕ್ಕೆ ಸಿಗುವ ದುಡ್ಡು ಇದಕ್ಕೆ ಸಿಗುವುದಿಲ್ಲ. ಮತ್ತೆ ಆ ಹುಡುಗಿ ಕೋಣೆಯಲ್ಲಿ ಕೂತು ರೀಲ್ಸ್ ಮಾಡಿದರೆ ನಮಗೆ ಸಿಟ್ಟು.

ಮಗುವನ್ನು ಟಿ.ವಿ. ಆಡಿಷನ್‌ಗೆ ಕರೆದುಕೊಂಡು ಹೋಗಬಹುದಾ ಎಂದು ನನ್ನ ಹತ್ತಿರ ಕೇಳುವ ತಂದೆ ತಾಯಂದಿರು ಈಗ ಉಂಟು. ಮಣಿಪಾಲದ ಕಡೆ ಕೆಲಸ ಮಾಡುವವರಲ್ಲಿ ಹೆಚ್ಚು. ದೀನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ, ಕೇಳುವುದು ಬಿಡುವುದು ಅವರಿಗೆ. ಅದರ ಮೇಲೆ ದುನಿಯಾದ ಎರಡು ಮಾತು ಸೇರಿಸುತ್ತೇನೆ. 14 ವರ್ಷದೊಳಗಿನ ಮಕ್ಕಳನ್ನು ಇಂಥ ಚಿತ್ರೀಕರಣಕ್ಕೆ ಬಳಸಬೇಕಾದರೆ 2017ರ ಕೇಂದ್ರ ನಿಯಮಗಳ ಪ್ರಕಾರ ಜಿಲ್ಲಾಡಳಿತದ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿರಾಮ ಇಲ್ಲದೆ 3 ಗಂಟೆ ಮೀರುವಂತಿಲ್ಲ, ಮಗುವಿನ ಸಂಪಾದನೆಯ ಶೇ. 20ನ್ನಾದರೂ ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಇಡಬೇಕು. ಪ್ರಸಾರವಾದದ್ದರಲ್ಲಿ ಅವಮಾನ ಇದ್ದರೆ ಮೊದಲು ಚಾನೆಲ್‌ಗೇ ಬರಹದಲ್ಲಿ ದೂರು, ಅಲ್ಲಿ ಆಗದಿದ್ದರೆ ಚಾನೆಲ್‌ಗಳ ಸ್ವನಿಯಂತ್ರಣ ಸಂಸ್ಥೆಗೆ. ಬ್ರಿಟನ್ನಿನಲ್ಲಿ ಜನ ಮಾಡಿದ್ದು ಅದನ್ನೇ. ನಾವು ಮಾಡುವುದು ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್, ಅದು ಯಾವ ಕಚೇರಿಗೂ ಮುಟ್ಟುವುದಿಲ್ಲ. ಮೊಬೈಲಿನಲ್ಲಿ ಬೈಗುಳ, ಬೆದರಿಕೆ ಬಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಉಡುಪಿಯ ಸೆನ್ ಪೊಲೀಸ್ ಠಾಣೆಗೆ ಹೋಗಬೇಕು, ಬೈದವ ನಮ್ಮ ಜಮಾಅತ್‌ನವನೇ ಆಗಿದ್ದರೂ.

ಸಹಿ ಹಾಕುವ ಮೊದಲು ಪರಿಚಯದ ವಿಡಿಯೊ ಬಗ್ಗೆ ಕೇಳಿ ಎಂದೂ ಹೇಳುತ್ತೇನೆ. ಮಗು ವೇದಿಕೆಗೆ ಬರುವ ಮುಂಚೆ ಮೂರು ನಾಲ್ಕು ನಿಮಿಷ ಮನೆಯ ಚಿತ್ರ ತೋರಿಸುತ್ತಾರಲ್ಲ, ಅದು. ರೈತನ ಮಗನಾದರೆ ಹೊಲ, ಬಡವನ ಮಗಳಾದರೆ ಸೋರುವ ಮಾಡು. ನಮ್ಮ ಮಕ್ಕಳಾದರೆ ಮಿನಾರ, ಬಾಂಗಿನ ಸದ್ದು, ನಮಾಝ್ ಮಾಡುವ ಅಜ್ಜಿ. ಎಂತ ತೋರಿಸುತ್ತೀರಿ, ಯಾರನ್ನು ಮಾತಾಡಿಸುತ್ತೀರಿ, ಯಾವ ಹಾಡು ಕೊಡುತ್ತೀರಿ, ಬೇಡ ಅಂದರೆ ಬದಲಿಸುತ್ತೀರಾ ಎಂದು ಮೊದಲೇ ಬಾಯಿ ಬಿಟ್ಟು ಕೇಳಬೇಕು. ಮೊನ್ನೆ ಹೀಗೆ ಹೇಳುವಾಗ ಪಕ್ಕದಲ್ಲಿ ಕೂತಿದ್ದ ಹುಡುಗಿ ಕೇಳಿದಳು, "ಉಸ್ತಾದ್, ನಾನು ಅಡುಗೆ ಸ್ಪರ್ಧೆಗೆ ಹೋದರೂ ಬಾಂಗು ಹಾಕ್ತಾರಾ?" ಅವಳ ಉಪ್ಪ ನಕ್ಕರು. ನಾನು, ಹಾಕಬಹುದು ಮಗಳೇ, ನೀನು ನೀರ್ ರೊಟ್ಟಿ ಮಾಡಿದರೂ ಹಾಕಬಹುದು ಅಂದೆ.